ಕಮಲಾಕ್ಷಿ ತಲೆಯಾಡಿಸಿದ ದಿನ

ಕೊರೋನಾದ ಗಲಾಟೆ ಮುಗಿದು ಎರಡನೇ ವರ್ಷ. ಆಗ ನಾನು ಶಿಕಾರಿಪುರದಲ್ಲಿ ಒಂದು ಬ್ಯಾಂಕಿನ ಟ್ರಸ್ಟ್ ವಿಭಾಗದಲ್ಲಿ ಆಡಳಿತ ಸಹಾಯಕಿಯಾಗಿದ್ದೆ. ಬ್ಯಾಂಕಿನಲ್ಲಿ ಅಂಥ ವಿಭಾಗ ಒಂದಿದೆ ಎಂಬುದೇ ಕೆಳಗಿನ ಕೌಂಟರಿಗೆ ಬರುವ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಎರಡು ಕೋಣೆ. ಒಂದರಲ್ಲಿ ಅಧಿಕಾರಿ ಪ್ರಭಾಕರ್ ಸರ್, ಇನ್ನೊಂದರಲ್ಲಿ ನಾನು, ಒಂದು ಕಂಪ್ಯೂಟರು, ಮತ್ತು ಮೂವತ್ತೊಂದು ಫೈಲುಗಳಿದ್ದ ಒಂದು ಕಬ್ಬಿಣದ ಬೀರು.

ಟ್ರಸ್ಟ್ ಎಂದರೆ ಏನು ಎಂದು ಕೇಳಿದವರಿಗೆ ನಾನು ಹೀಗೆ ಹೇಳುತ್ತಿದ್ದೆ: ತಾನು ಹೋದ ಮೇಲೆ ತನ್ನವರೊಬ್ಬರ ಗತಿ ಏನು ಎಂಬ ಚಿಂತೆ ಇದ್ದವರು ತಮ್ಮ ಆಸ್ತಿಯನ್ನು ಬ್ಯಾಂಕಿನ ಉಸ್ತುವಾರಿಗೆ ಬಿಟ್ಟು, ಹೀಗೆ ಹೀಗೆ ನೋಡಿಕೊಳ್ಳಿ ಎಂದು ಪತ್ರ ಮಾಡಿಟ್ಟು ಹೋಗುತ್ತಾರೆ. ಆ ಪತ್ರದಲ್ಲಿ ಬರೆದಂತೆ ಬ್ಯಾಂಕು ನಡೆಯಬೇಕು. ಯಾರಿಗಾಗಿ ಮಾಡಿಟ್ಟರೋ ಅವರು ಫಲಾನುಭವಿ. ಪತ್ರ ಬರೆಯುವುದು, ಫೈಲು ಜೋಡಿಸುವುದು, ಸಭೆಯ ನಡಾವಳಿ ದಾಖಲಿಸುವುದು, ಒಂಟಿಯಾಗಿರುವ ಫಲಾನುಭವಿಯ ಮನೆಗೆ ವರ್ಷಕ್ಕೊಮ್ಮೆ ಹೋಗಿ ಹೇಗಿದ್ದಾರೆ ಎಂದು ನೋಡಿ ಬರುವುದು ನನ್ನ ಕೆಲಸ. ತೀರ್ಮಾನ ಮಾಡುವ ಕೆಲಸ ನನ್ನದಾಗಿರಲಿಲ್ಲ.

ಆ ಮೂವತ್ತೊಂದರಲ್ಲಿ ಒಂದು ಫೈಲು ಸೊರಬದ ಕಮಲಾಕ್ಷಿಯವರದ್ದು. ಆಗ ಅವರಿಗೆ ನಲವತ್ತೆಂಟು ವರ್ಷ. ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು, ಅದರ ಜೊತೆಗೆ ಮಾತೂ. ಅವರನ್ನು ಕಿವುಡರ ಶಾಲೆಗೆ ಕಳಿಸಿರಲಿಲ್ಲ. ಓದಲು ಬರೆಯಲು ಬರುತ್ತಿರಲಿಲ್ಲ. ಅವರ ತಂದೆ ಸೊರಬದ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಮಗಳಿಗೆ ಹೊಲಿಗೆ ಕಲಿಸಿ, ರಸ್ತೆಗೆ ಮುಖ ಮಾಡಿದ್ದ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಹಾಕಿಕೊಟ್ಟರು. ಸಾಯುವ ಮುಂಚೆ ಆ ಮನೆಯನ್ನು ಟ್ರಸ್ಟಿಗೆ ಸೇರಿಸಿದರು. ಪತ್ರದ ಒಂಬತ್ತನೇ ಕಲಂ ನನಗೆ ಇಂದಿಗೂ ಬಾಯಿಪಾಠ: ಕಮಲಾಕ್ಷಿ ಇರುವವರೆಗೆ ಮನೆ ಮಾರಬಾರದು, ಮಾರಲೇಬೇಕಾಗಿ ಬಂದರೆ ಆಕೆಯ ಒಪ್ಪಿಗೆಯನ್ನು ಅಧಿಕಾರಿಯ ಸಮಕ್ಷಮ, ಬ್ಯಾಂಕಿನ ಇನ್ನೊಬ್ಬ ನೌಕರರ ಸಾಕ್ಷಿಯಲ್ಲಿ ಪಡೆಯಬೇಕು.

ಮೂರು ವರ್ಷ ನಾನೇ ಅವರ ಮನೆಗೆ ಹೋಗಿ ಬಂದಿದ್ದೆ. ಅವರ ಸನ್ನೆಗಳು ಯಾವ ಪುಸ್ತಕದಲ್ಲೂ ಇರುವಂಥವಲ್ಲ. ಅಪ್ಪ ಮಗಳು ಸೇರಿ ಮನೆಯಲ್ಲೇ ಕಟ್ಟಿಕೊಂಡವು. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಹೊಲಿಗೆ. ಮುಷ್ಟಿಗಳನ್ನು ಪೆಡಲಿನಂತೆ ತಿರುಗಿಸಿದರೆ ಅಪ್ಪ. ಬೆರಳನ್ನು ಕಣ್ಣಿನ ಸುತ್ತ ಉಂಗುರ ಮಾಡಿದರೆ ಕನ್ನಡಕದ ತಮ್ಮ. ಅಂಗೈಗೆ ಕೆನ್ನೆ ಇಟ್ಟು ಬೆರಳು ಎಣಿಸಿದರೆ ಅಷ್ಟು ರಾತ್ರಿ, ಅಂದರೆ ಅಷ್ಟು ದಿನ. ಒಂದು ಲೋಟ ಕಾಫಿ ಕುಡಿಯುವ ಹೊತ್ತಿನಲ್ಲಿ ಇಷ್ಟನ್ನು ನನಗೆ ಕಲಿಸಿದವರು ಪಕ್ಕದ ಮನೆಯ ನಾಗವೇಣಕ್ಕ. ಅವರು ಕಮಲಾಕ್ಷಿ ಹೊಲಿದ ಬಟ್ಟೆಗೆ ಕಾಜಾ ಹಾಕಿ ಗುಂಡಿ ಹಚ್ಚಿಕೊಡುತ್ತಿದ್ದರು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಕಮಲಾಕ್ಷಿಯವರ ತಮ್ಮ ವೀರೇಶ್ ನಮ್ಮ ಕಚೇರಿಗೆ ಅರ್ಜಿ ತಂದರು. ಶಿಕಾರಿಪುರದ ಕಾಲೇಜೊಂದರಲ್ಲಿ ಉಪನ್ಯಾಸಕರು, ಮೆದು ಮಾತಿನ ಮನುಷ್ಯ. ಹದಿನೈದು ದಿನದ ಹಿಂದೆ ಅಕ್ಕನ ಮನೆಯಲ್ಲಿ ಗ್ಯಾಸ್ ಸೋರಿತ್ತಂತೆ. ನೆಗಡಿಯಾಗಿದ್ದ ಅಕ್ಕನಿಗೆ ವಾಸನೆ ಹತ್ತಿರಲಿಲ್ಲ. ಹೊರಗಿನಿಂದ ಜನ ಬಾಗಿಲು ಬಡಿದರೆ ಕೇಳುವ ಪ್ರಶ್ನೆಯೇ ಇಲ್ಲ. ನಾಗವೇಣಕ್ಕ ಹಿತ್ತಲ ಕಡೆಯಿಂದ ಒಳಗೆ ಹೋಗಿ ಎಳೆದುಕೊಂಡು ಬಂದಿದ್ದರು.

"ಅವತ್ತಿಂದ ನನಗ ನಿದ್ದಿ ಇಲ್ರೀ ಸರ್," ಎಂದರು ವೀರೇಶ್. "ನಮ್ಮನಿಗೆ ಕರ್ಕೊಂಡು ಬಂದು ಇಟ್ಕೊಂತೀನಿ. ಆ ಮನಿ ಮಾರಿಬಿಡೋಣ. ಬಂದಿದ್ದು ಅಕ್ಕನ ಟ್ರಸ್ಟಿನಾಗೇ ಇರ್ಲಿ, ನನಗೇನೂ ಬ್ಯಾಡ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುವವರು ಅವರನ್ನು ಕೆಟ್ಟವರೆಂದುಕೊಳ್ಳಬಾರದು.

ಕೊಳ್ಳುವವರು ಸಿದ್ಧವಿದ್ದರು. ರಸ್ತೆ ಬದಿಯ ಜಾಗ, ಅಲ್ಲಿ ಮಳಿಗೆ ಕಟ್ಟುವ ಯೋಚನೆ ಅವರದು. ಶುಕ್ರವಾರದೊಳಗೆ ಬ್ಯಾಂಕಿನ ಒಪ್ಪಿಗೆ ಪತ್ರ ಸಿಗದಿದ್ದರೆ ಬೇರೆ ಜಾಗ ನೋಡುತ್ತೇವೆ ಎಂದಿದ್ದರು. ಪ್ರಭಾಕರ್ ಸರ್‌ಗೆ ವರ್ಗಾವಣೆಯ ಆದೇಶ ಬಂದಿತ್ತು. ಹೋಗುವ ಮುಂಚೆ ಬಾಕಿ ಫೈಲು ಮುಗಿಸುವ ಧಾವಂತ ಅವರಿಗೆ. ಒಪ್ಪಿಗೆ ಪಡೆಯುವ ಸಭೆಯನ್ನು ಬುಧವಾರ ಹನ್ನೊಂದು ಗಂಟೆಗೆ ಇಟ್ಟರು.

"ಸರ್, ಕಮಲಾಕ್ಷಿಯವರ ಸನ್ನೆ ಹೇಳೋಕೆ ಯಾರನ್ನ ಕರೆಸೋಣ?" ಎಂದು ಕೇಳಿದೆ.

"ಸ್ವಂತ ತಮ್ಮನೇ ಇದಾರಲ್ಲ. ಹೊರಗಿನವರನ್ನ ಕರೆಸಿದ್ರೆ ಈ ಮನೆ ಸನ್ನೆ ಅವರಿಗೇನು ಅರ್ಥ ಆಗುತ್ತೆ?"

ಆ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಬುಧವಾರ ಕಮಲಾಕ್ಷಿ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ತಮ್ಮನ ಜೊತೆ ಬಂದರು. ನನ್ನನ್ನು ಕಂಡು ನಕ್ಕು, ನನ್ನ ಕುಪ್ಪಸದ ತೋಳು ಎಳೆದು ನೋಡಿ, ಹೊಲಿಗೆ ಚೆನ್ನಾಗಿಲ್ಲ ಎಂದು ಮೂಗು ಮುರಿದರು. ಸರ್ ಕೋಣೆಯಲ್ಲಿ ನಾಲ್ವರೂ ಕುಳಿತೆವು. ಸರ್ ಒಂಬತ್ತನೇ ಕಲಂ ಓದಿ, "ನಿಮ್ಮ ಅಕ್ಕನಿಗೆ ಕೇಳಿ," ಎಂದರು.

ವೀರೇಶ್ ಅಕ್ಕನ ಕಡೆ ತಿರುಗಿದರು. ಎರಡು ಕೈಯ ತುದಿ ಸೇರಿಸಿ ಮನೆ ಎಂದು ತೋರಿಸಿದರು. ತಮ್ಮ ಕನ್ನಡಕ ಮುಟ್ಟಿದರು. ಬಾ ಎಂದು ಕೈ ಆಡಿಸಿದರು. ಕಮಲಾಕ್ಷಿಯ ಮುಖ ಅರಳಿತು. ಜೋರಾಗಿ ತಲೆಯಾಡಿಸಿದರು.

"ಒಪ್ಪ್ಯಾಳ್ರೀ ಸರ್."

ಕಮಲಾಕ್ಷಿ ಇನ್ನೂ ಮುಗಿಸಿರಲಿಲ್ಲ. ಅಂಗೈಗೆ ಕೆನ್ನೆ ಇಟ್ಟರು. ನಾಲ್ಕು ಬೆರಳು ಎತ್ತಿದರು. ಒಂದು ಬೆರಳನ್ನು ಗಾಳಿಯಲ್ಲಿ ಮುಂದಕ್ಕೆ ಒಯ್ದು ಮತ್ತೆ ತಮ್ಮ ಕಡೆಗೇ ತಿರುಗಿಸಿ ತಂದರು. ಕಡೆಗೆ ಎರಡು ಬೆರಳಿನ ಕತ್ತರಿ ಆಡಿಸಿದರು.

"ಏನಂತೆ?" ಎಂದರು ಸರ್.

ವೀರೇಶ್ ಒಂದು ಕ್ಷಣ ತಡೆದರು. "ಹೊಲಿಗಿ ಮಷೀನು ಅಲ್ಲಿಗೇ ತರ್ತೀಯೇನು ಅಂತ ಕೇಳಾಕತ್ಯಾಳ್ರೀ."

ನನ್ನ ಪೆನ್ನು ನಿಂತಿತು. ನಾಲ್ಕು ರಾತ್ರಿ, ಹೋಗಿ ವಾಪಸು, ಹೊಲಿಗೆ ಇದೆ. ನನಗೆ ಕಂಡದ್ದು ಅದು. ಆದರೆ ನನಗೆ ಗೊತ್ತಿದ್ದುದು ಹತ್ತು ಹನ್ನೆರಡು ಸನ್ನೆ. ಅವರು ಜೊತೆಯಲ್ಲಿ ಹುಟ್ಟಿ ಬೆಳೆದ ತಮ್ಮ. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಇಂಕಿನ ಪ್ಯಾಡು ಮುಂದೆ ತಳ್ಳಿದ್ದರು. ತಮ್ಮ ತೋರಿಸಿದ ಜಾಗಕ್ಕೆ ಕಮಲಾಕ್ಷಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು. ಎಲ್ಲ ಸೇರಿ ಏಳು ನಿಮಿಷ.

ನಡಾವಳಿಯ ನಮೂನೆಯಲ್ಲಿ ಒಂದು ಸಾಲು ಅಚ್ಚಾಗಿಯೇ ಇತ್ತು: ಫಲಾನುಭವಿಯು ವಿಷಯ ತಿಳಿದು ಒಪ್ಪಿರುತ್ತಾರೆ. ಅದರ ಕೆಳಗೆ ಸಾಕ್ಷಿಯಾಗಿ ನನ್ನ ಸಹಿಗೆ ಜಾಗ. ಅರ್ಧ ಗಂಟೆ ಅದನ್ನೇ ನೋಡುತ್ತಾ ಕುಳಿತೆ. ಕಡೆಗೆ ಆ ಸಾಲನ್ನು ಹೊಡೆದು ಹಾಕಿ, ಪಕ್ಕದ ಹಾಳೆಯಲ್ಲಿ ಯಾರ ಕೈ ಹೇಗೆ ಆಡಿತು ಎಂಬುದನ್ನಷ್ಟೇ ಒಂದರ ಕೆಳಗೊಂದು ಬರೆದೆ. ಕೊನೆಗೆ, ಮನೆ ಮಾರುವ ವಿಷಯವನ್ನು ಯಾವ ಸನ್ನೆಯಿಂದ ತಿಳಿಸಲಾಯಿತು ಎಂಬುದು ನನಗೆ ಕಾಣಲಿಲ್ಲ ಎಂದು ಸೇರಿಸಿದೆ.

ಸರ್ ಅದನ್ನು ಓದಿ ಕೆಂಪಗಾದರು. "ಇದೇನು ಸುಮಿತ್ರಾ ಅವರೇ? ನಡಾವಳಿನೋ, ನಾಟಕದ ಸೀನೋ?"

"ಕಂಡಿದ್ದನ್ನ ಬರೆದಿದೀನಿ ಸರ್."

"ತಲೆ ಆಡಿಸಿದ್ದು ಕಾಣಲಿಲ್ವಾ? ಹೆಬ್ಬೆಟ್ಟು ಹಾಕಿದ್ದು ಕಾಣಲಿಲ್ವಾ?"

"ಕಂಡಿತು ಸರ್. ಯಾವುದಕ್ಕೆ ತಲೆ ಆಡಿಸಿದ್ರು ಅಂತ ಮಾತ್ರ ಗೊತ್ತಾಗ್ಲಿಲ್ಲ. ಒಪ್ಪಿದಾರೆ ಅಂತ ನಾನು ಬರೆಯಲ್ಲ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಆ ವರ್ಷವೇ ನನ್ನ ಬಡ್ತಿಗೆ ಅವರು ವರದಿ ಬರೆಯಬೇಕಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಆ ಮಾತು ಎತ್ತಲಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿ, "ನಾಳೆ ನಾಲ್ಕು ಗಂಟೆಗೆ ಸರಿಯಾದ ನಡಾವಳಿ ನನ್ನ ಟೇಬಲ್ ಮೇಲಿರಬೇಕು. ಆಗಲ್ಲ ಅಂದ್ರೆ ಆಗಲ್ಲ ಅಂತ ಬರೆದುಕೊಡಿ, ಮುಂದಿನದು ನಾನು ನೋಡ್ಕೋತೀನಿ," ಎಂದರು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. "ಅಕ್ಕ ತಮ್ಮಂದಿರ ನಡುವೆ ನೀನ್ಯಾಕೆ ಹೋಗ್ತೀಯ? ನಿಂಗೆ ತಪ್ಪಾಗಿ ಕಂಡಿದ್ರೆ?" ಎಂದರು. ಅದೇ ನನ್ನನ್ನೂ ಕೊರೆಯುತ್ತಿತ್ತು. ನನ್ನ ಅನುಮಾನದಿಂದ ಮಾರಾಟ ತಪ್ಪಿ, ನಾಳೆ ಆ ಮನೆಯಲ್ಲಿ ಮತ್ತೆ ಗ್ಯಾಸ್ ಸೋರಿ ಆಕೆಗೆ ಏನಾದರೂ ಆದರೆ?

ಗುರುವಾರ ರಜೆ ಹಾಕಿ, ನಾಗವೇಣಕ್ಕನನ್ನು ಕೇಳಿ ನೋಡೋಣ ಎಂದು ಬೆಳಿಗ್ಗೆ ಒಂಬತ್ತೂವರೆಯ ಬಸ್ಸು ಹತ್ತಿದೆ. ಶಿರಾಳಕೊಪ್ಪದ ಮೇಲೆ ಸೊರಬ ಮುಟ್ಟುವಾಗ ಹನ್ನೊಂದು ದಾಟಿತ್ತು. ಕಮಲಾಕ್ಷಿಯವರ ಬಾಗಿಲಿಗೆ ಬೀಗ. ಜಗಲಿಯ ಮೇಲೆ ಇಬ್ಬರು ಟೇಪು ಹಿಡಿದು ಅಗಲ ಅಳೆದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ನಾಗವೇಣಕ್ಕ ತಮ್ಮ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದರು. "ಬನ್ನಿ ಮೇಡಮ್ಮಾರೆ. ಇವರು ಯಾರು ಮಾರಾಯ್ರೆ? ಕೇಳಿದ್ರೆ ಮಾತೇ ಆಡೂದಿಲ್ಲ."

"ಕಮಲಾಕ್ಷಿ ಎಲ್ಲಿಗೆ ಹೋಗ್ತೀನಿ ಅಂತ ಹೇಳಿ ಹೋದ್ರು?"

"ತಮ್ಮನ ಮನೆಗೆ. ನಾಲ್ಕು ದಿನ ಇದ್ದು ಬರ್ತೇನೆ ಅಂದ್ಲು. ನೋಡಿ, ಮದುವೆ ಮನೆಯವರ ಹನ್ನೊಂದು ರವಿಕೆ ಕಾಜಾಕ್ಕೆ ಕೊಟ್ಟು ಹೋಗಿದ್ದಾಳೆ. ಸೋಮವಾರ ಬಂದು ತಾನೇ ಕೊಡ್ಬೇಕು ಅವಳು." ಅವರು ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಒಂದೊಂದು ರವಿಕೆಗೂ ಬಣ್ಣದ ನೂಲಿನ ಗುರುತು.

ನಾನು ವಿಷಯ ಹೇಳಿದೆ. ಅವರು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು.

"ಇಲ್ಲ. ಅವಳಿಗೆ ಗೊತ್ತಿಲ್ಲ. ಗೊತ್ತಿದ್ರೆ ನಂಗೆ ಹೇಳ್ದೆ ಇರ್ತಿರ್ಲಿಲ್ಲ."

"ನನ್ನ ಜೊತೆ ಶಿಕಾರಿಪುರಕ್ಕೆ ಬರ್ತೀರಾ? ನಾಲ್ಕು ಗಂಟೆ ಒಳಗೆ?"

ಅವರು ಕೂಡಲೇ ಹ್ಞೂಂ ಎನ್ನಲಿಲ್ಲ. "ವೀರೇಶಪ್ಪ ಕೆಟ್ಟವರಲ್ಲ. ನಾಳೆ ಹೆಚ್ಚು ಕಮ್ಮಿ ಆದ್ರೆ, ನಾಗವೇಣಿ ಮಾತು ಕೇಳಿ ಹೀಗಾಯ್ತು ಅಂತಾರೆ. ನಾನು ಎರಡನೇ ಕ್ಲಾಸು ಓದಿದವಳು. ಬ್ಯಾಂಕಿನವರ ಮುಂದೆ ನನ್ನ ಮಾತು ಯಾರು ಕೇಳ್ತಾರೆ?"

"ನೀವು ಮಾತಾಡೋದು ಬೇಡ. ಕಮಲಾಕ್ಷಿಗೆ ವಿಷಯ ತಿಳಿಸಿದ್ರೆ ಸಾಕು. ಮಾರೋದು ಬೇಕು ಅಂತಾನೇ ಅವರು ಅಂದ್ರೂ ಆಗಬಹುದು."

ಅವರು ಒಳಗೆ ಹೋಗಿ ಸೀರೆ ಬದಲಿಸಿ ಬಂದರು.

ಹನ್ನೆರಡೂವರೆಯ ಬಸ್ಸು ಬರಲಿಲ್ಲ. ಒಂದೂಮುಕ್ಕಾಲಿಗೆ ಬಂದದ್ದು ಶಿರಾಳಕೊಪ್ಪದಲ್ಲಿ ಪಂಕ್ಚರಾಗಿ ನಿಂತಿತು. ಗಡಿಯಾರ ನೋಡಿ ನೋಡಿ ನನ್ನ ಕಣ್ಣು ಉರಿಯಿತು. ಅಲ್ಲಿಂದಲೇ ಸರ್‌ಗೆ ಫೋನು ಮಾಡಿದೆ. ವೀರೇಶರನ್ನೂ ಅವರ ಅಕ್ಕನನ್ನೂ ನಾಲ್ಕಕ್ಕೆ ಕರೆಸಿ, ಇನ್ನೊಮ್ಮೆ ಕೇಳೋಣ, ಅದಾದ ಮೇಲೆ ನೀವು ಹೇಳಿದ್ದನ್ನು ಬರೆಯುತ್ತೇನೆ ಎಂದೆ. "ವೀರೇಶ್ ಪತ್ರ ತಗೊಳ್ಳೋಕೆ ಹೇಗೂ ಬರ್ತಾರೆ. ಅಕ್ಕನ್ನೂ ಕರ್ಕೊಂಡು ಬನ್ನಿ ಅಂತೀನಿ. ನಾಲ್ಕೂಕಾಲರ ತನಕ ಕಾಯ್ತೀನಿ, ಅಷ್ಟೇ," ಎಂದರು.

ನಾವು ಮೆಟ್ಟಿಲು ಹತ್ತಿದಾಗ ನಾಲ್ಕು ಗಂಟೆ ಹನ್ನೆರಡು ನಿಮಿಷ. ವೀರೇಶ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಹೆಬ್ಬೆಟ್ಟಿನ ಹಾಳೆ ಮೇಜಿನ ಮೇಲೆ ಬಿಚ್ಚಿಟ್ಟಿತ್ತು. ನಾಗವೇಣಕ್ಕನನ್ನು ಕಂಡು ಕಮಲಾಕ್ಷಿ ಬೆರಗಾಗಿ ಎದ್ದು ನಿಂತರು. ವೀರೇಶರ ಮುಖ ಇಳಿಯಿತು.

"ನಾಗವೇಣಕ್ಕಾರ, ನೀವ್ಯಾಕ ಬಂದ್ರಿ?"

ನಾಗವೇಣಕ್ಕ ಅವರನ್ನು ದಾಟಿ ಮುಂದೆ ನಡೆದರು. ಕಮಲಾಕ್ಷಿಯ ಎದುರು ನಿಂತು ಎರಡು ಕೈ ಸೇರಿಸಿ ಮನೆ ಮಾಡಿದರು. ಕತ್ತರಿ ಆಡಿಸಿದರು: ನಿನ್ನ ಹೊಲಿಗೆಯ ಮನೆ. ಮುಂದೆ ಹೇಗೆ ಹೇಳುವುದೆಂದು ಅವರಿಗೂ ತೋಚಲಿಲ್ಲ. ಕಮಲಾಕ್ಷಿಗೆ ಒಂದು ಸಾಮಾನನ್ನೂ ಮಾರಿ ಗೊತ್ತಿಲ್ಲ. ಆ ಸನ್ನೆ ಯಾರಿಗೂ ಬೇಕಾಗಿರಲೇ ಇಲ್ಲ. ಆಮೇಲೆ ನಾಗವೇಣಕ್ಕ ಕೈ ಚಾಚಿ, ಕಮಲಾಕ್ಷಿಯ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಬಿಡಿಸಿಕೊಂಡು ಪ್ರಭಾಕರ್ ಸರ್ ಅಂಗೈಯಲ್ಲಿಟ್ಟರು. ಅವರ ಬೆರಳುಗಳನ್ನು ತಾವೇ ಮಡಚಿ ಮುಚ್ಚಿದರು. ಕತ್ತರಿ ಆಡಿಸಿದ ಬೆರಳನ್ನು ಬಾಗಿಲಿನಾಚೆ ತೋರಿಸಿ, ಆ ಬೆರಳು ವಾಪಸು ಬರದಂತೆ ಇನ್ನೊಂದು ಕೈಯಿಂದ ತಡೆದರು. ಕೊನೆಗೆ ಹೆಬ್ಬೆಟ್ಟಿನ ಗುರುತು ತೋರಿಸಿದರು.

ಕಮಲಾಕ್ಷಿ ಸರ್ ಮುಷ್ಟಿಯನ್ನು ನೋಡಿದರು, ಕಾಗದ ನೋಡಿದರು, ತಮ್ಮನನ್ನು ನೋಡಿದರು. ಕಣ್ಣಿನ ಸುತ್ತ ಉಂಗುರ ಮಾಡಿ, ಹುಬ್ಬೇರಿಸಿದರು: ನೀನಾ?

ವೀರೇಶ್ ತಲೆ ತಗ್ಗಿಸಿದರು.

ಆಗ ಆಕೆಯ ಗಂಟಲಿನಿಂದ ಹೊರಟ ಸದ್ದು ಕೆಳಗಿನ ಕೌಂಟರಿಗೂ ಕೇಳಿಸಿತಂತೆ. ಸರ್ ಕೈಯಿಂದ ಬೀಗದ ಕೈ ಕಿತ್ತುಕೊಂಡರು. ಮೇಜಿನ ಮೇಲಿನ ಹಾಳೆ ಎಳೆದು, ಸೆರಗಿನ ತುದಿಗೆ ಉಗುಳು ಹಚ್ಚಿ ಆ ಹೆಬ್ಬೆಟ್ಟನ್ನು ಉಜ್ಜತೊಡಗಿದರು. ಇಂಕು ಹೋಗಲಿಲ್ಲ, ಹರಡಿತು. ಕಾಗದ ಹರಿಯುವವರೆಗೂ ಉಜ್ಜಿದರು. ಅನಂತರ ಪೆಡಲಿನಂತೆ ಮುಷ್ಟಿ ತಿರುಗಿಸಿ, ಅಂಗೈಯನ್ನು ಎದೆಗೆ ಬಡಿದುಕೊಂಡರು. ಅಪ್ಪ, ನನ್ನದು. ಅದಕ್ಕೆ ಅರ್ಥ ಹೇಳುವವರು ಯಾರೂ ಬೇಕಾಗಲಿಲ್ಲ.

"ನಾ ಕೇಳೇ ಇಲ್ರೀ ಸರ್," ಎಂದರು ವೀರೇಶ್. ಅಳುತ್ತಿದ್ದರು. "ನಮ್ಮನಿಗೆ ಬರ್ತೀಯೇನು ಅಂತ ಅಷ್ಟೇ ಕೇಳಿದ್ದೆ. ಮಾರೋದು ಅಂದ್ರ ಒಪ್ಪಂಗಿಲ್ಲ ಅಂತ ಗೊತ್ತಿತ್ತು. ಬಂದು ನಾಲ್ಕು ದಿನ ಇದ್ರ ಹೊಂದ್ಕೊಂತಾಳ ಅಂದ್ಕೊಂಡೆ. ಆ ಮನಿಯಾಗ ಒಂದಿನ ಸತ್ತು ಬಿದ್ದಿರ್ತಾಳೇನೋ ಅಂತ ಹೆದರಿಕಿ ಆಗೇತ್ರೀ ನನಗ."

ಪ್ರಭಾಕರ್ ಸರ್ ಪೆನ್ನು ತೆಗೆದರು. ಹರಿದ ಹಾಳೆಯನ್ನು ಫೈಲಿಗೆ ಸೇರಿಸಿ, ಒಪ್ಪಿಗೆ ಇಲ್ಲ, ಮಾರಾಟದ ಕೋರಿಕೆ ತಿರಸ್ಕರಿಸಲಾಗಿದೆ ಎಂದು ತಮ್ಮ ಕೈಯಲ್ಲೇ ಬರೆದರು. ನನಗೆ, "ಈಗ ಆಗಿದ್ದನ್ನೂ ನಿಮ್ಮ ರೀತಿಯಲ್ಲೇ ಬರೆಯಿರಿ. ಒಂದೂ ಬಿಡಬೇಡಿ," ಎಂದರು. ಬರೆದು ಮುಗಿಸಿದಾಗ ಐದೂವರೆ. ಸಹಿ ಹಾಕುವಾಗ ಅವರು ಮೆಲ್ಲಗೆ ಹೇಳಿದರು: "ನಿನ್ನೆ ನಾನು ಆಕೆ ಮುಖವನ್ನೇ ನೋಡಿರಲಿಲ್ಲ. ತಮ್ಮನ ಬಾಯಿ ನೋಡ್ತಿದ್ದೆ."

ಕಮಲಾಕ್ಷಿ ಅಂದೇ ನಾಗವೇಣಕ್ಕನ ಜೊತೆ ಸೊರಬಕ್ಕೆ ಹೊರಟುಬಿಟ್ಟರು. ವೀರೇಶ್ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆಯೇ ಹೋದರು. ಅಕ್ಕ ತಿರುಗಿ ನೋಡಲಿಲ್ಲವಂತೆ. ಮೂರು ತಿಂಗಳು ಅವರನ್ನು ಮನೆಯೊಳಗೆ ಬಿಡಲಿಲ್ಲ. ಅಷ್ಟರಲ್ಲಿ ಟ್ರಸ್ಟಿನ ಕಡೆಯಿಂದ ಗ್ಯಾಸ್ ತೆಗೆಸಿ ಕರೆಂಟಿನ ಒಲೆ ಇಡಿಸಿದೆವು. ಬಾಗಿಲ ಗುಂಡಿ ಒತ್ತಿದರೆ ಒಳಗೆ ಕೆಂಪು ದೀಪ ಹತ್ತುವಂತೆ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿದೆವು. ಆ ದೀಪಕ್ಕೆ ವಯರು ಎಳೆಸುವಾಗ ಏಣಿ ಹಿಡಿದು ನಿಂತಿದ್ದವರು ವೀರೇಶ್. ಅವತ್ತು ಕಮಲಾಕ್ಷಿ ಅವರಿಗೆ ಊಟ ಬಡಿಸಿದರು, ಮುಖ ನೋಡದೆ. ಈಗ ನೋಡುತ್ತಾರೆ ಎಂದು ನಾಗವೇಣಕ್ಕ ಹೇಳುತ್ತಾರೆ.

ಸರ್ ವರ್ಗವಾಗಿ ಹೋದರು. ನನ್ನ ಬಡ್ತಿ ಆ ವರ್ಷ ಬರಲಿಲ್ಲ, ಮರುವರ್ಷ ಬಂತು. ಎರಡಕ್ಕೂ ಕಾರಣ ನನಗೆ ಗೊತ್ತಿಲ್ಲ. ಹೋಗುವ ಮುಂಚೆ ಅವರು ನಮೂನೆಯ ಆ ಅಚ್ಚಿನ ಸಾಲು ತೆಗೆಸಿ, ಅಲ್ಲಿ ಎರಡು ಖಾಲಿ ಜಾಗ ಮಾಡಿಸಿದರು: ಏನು ಕೇಳಲಾಯಿತು, ಏನು ಉತ್ತರ ಬಂತು.

ಒಪ್ಪಿಗೆ ಎನ್ನುವುದು ಉತ್ತರದಲ್ಲಿ ಇಲ್ಲ, ಪ್ರಶ್ನೆಯಲ್ಲಿದೆ ಎಂದು ನನ್ನ ಕೆಲಸ ನನಗೆ ಕಲಿಸಿತು. ಏನು ಕೇಳಿದರು ಎಂಬುದು ಗೊತ್ತಿಲ್ಲದೆ ತಲೆಯಾಡಿಸಿದ್ದಕ್ಕೆ ಅರ್ಥವಿಲ್ಲ. ಇದು ಕಿವಿ ಕೇಳದವರಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಆ ಹೊಸ ನಮೂನೆ ಬಂದ ವಾರ ನಾನು ಬೀರು ತೆಗೆದು ಹಳೆಯ ನಡಾವಳಿಗಳನ್ನು ಒಂದೊಂದಾಗಿ ಓದಿದೆ. ವಯಸ್ಸಾದವರದ್ದು, ಹಾಸಿಗೆ ಹಿಡಿದವರದ್ದು, ಗಂಡ ಹೇಳಿದಲ್ಲಿ ಸಹಿ ಹಾಕಿದವರದ್ದು. ಆರು ಕಡೆ, ವಿಷಯ ತಿಳಿದು ಒಪ್ಪಿರುತ್ತಾರೆ ಎಂಬ ಸಾಲಿನ ಕೆಳಗೆ ನನ್ನ ಸಹಿ ಇತ್ತು. ಆ ಆರು ಜನರಲ್ಲಿ ಒಬ್ಬರ ಮುಖವೂ ನನಗೆ ನೆನಪಾಗಲಿಲ್ಲ.

ಮರುದಿನದಿಂದ ಒಬ್ಬೊಬ್ಬರ ಮನೆಗೂ ಹೋಗತೊಡಗಿದೆ. ಮೊದಲು ಹೋದದ್ದು ಸೊರಬ ತಾಲೂಕಿನ ಉಳವಿಗೆ. ಬಾಗಿಲು ತೆಗೆದ ಮುದುಕಿ, "ಯಾರಮ್ಮ ನೀವು?" ಎಂದು ಕೇಳಿದರು. ನಿಮ್ಮ ಒಪ್ಪಿಗೆಗೆ ಸಾಕ್ಷಿಯಾಗಿ ಸಹಿ ಹಾಕಿದವಳು ಎಂದು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು.